ಬಾಗಿಲು ಇದೆ, ಜೊತೆಗೊಬ್ಬರು ಬೇಕು

(ಉಪ್ಪಲಿನಲ್ಲಿ ಸೇರಿದ್ದ ಕೇಳುಗರ ಕೂಟದಲ್ಲಿ ನಮ್ಮ ಕನ್ನಡ ವಿಭಾಗದ ಉದ್ಘೋಷಕಿ ಆಡಿದ ಮಾತಿನ ಬರಹರೂಪ)



ಮೈಕಿನ ಮುಂದೆ ಕುಳಿತು, ತಮ್ಮ ಮುಖ ಕಾಣದೆಯೇ ತಮ್ಮೊಡನೆ ಮಾತಾಡುವುದು ನನ್ನ ಕೆಲಸ. ಇಂದು ತಾವೆಲ್ಲ ಎದುರಿಗೇ ಕುಳಿತಿದ್ದೀರಿ, ಸಂತೋಷ. ಹಾಡು, ಹಬ್ಬ, ಪುಸ್ತಕ, ಅಡುಗೆ ಇವುಗಳ ಮಾತನ್ನು ನಾವು ಯಾವಾಗಲೂ ಆಡುತ್ತೇವೆ. ಇಂದು ಆಡಬೇಕಾಗಿರುವುದು ಬೇರೆ ಮಾತು. ಮನೆಯಲ್ಲಿ ಆಡಲು ನಾಚಿಕೆ, ಕಚೇರಿಯಲ್ಲಿ ಆಡಲು ಹೆದರಿಕೆ ಎನಿಸುವ ಮಾತು. ಶಾಲೆ ಬಿಟ್ಟು ಅಡ್ಡಾದಲ್ಲಿ ನಿಂತ ಹುಡುಗ, ಮನೆ ಬಿಟ್ಟು ರೈಲು ಹತ್ತಿದ ಹುಡುಗಿ, ಕುಡಿತದಿಂದ ಒಡೆದ ಸಂಸಾರ, ಪರೀಕ್ಷೆಯಲ್ಲಿ ಫೇಲಾಗಿ ಕೋಣೆಯ ಬಾಗಿಲು ಹಾಕಿಕೊಂಡ ಮಗ, ಇಂಥವರ ಮಾತು. ಇವರಿಗೆ ಸರ್ಕಾರದ ಕಡೆಯಿಂದ, ಅದರಲ್ಲೂ ನಮ್ಮ ಸಮೀಪದ ಕಚೇರಿಗಳಿಂದ ಏನು ಸಿಗುತ್ತದೆ, ಸಿಗಬೇಕಾದದ್ದು ಯಾಕೆ ಕೈಗೆ ಬರುವುದಿಲ್ಲ ಎಂಬುದನ್ನು ತಮ್ಮ ಮುಂದೆ ಇಡುತ್ತೇನೆ.

ಉಪ್ಪಲಿನಲ್ಲಿ ಕನ್ನಡದವರು ಎಂದರೆ ಎರಡು ಬಗೆಯವರು. ಒಂದು ಬಗೆಯವರು ಸರ್ವೆ ಆಫ್ ಇಂಡಿಯಾ, ಎನ್‌ಜಿಆರ್‌ಐ, ಸಿಸಿಎಂಬಿ, ಬ್ಯಾಂಕು, ಕಂಪನಿ ಎಂದು ನೌಕರಿಗೆ ಬಂದು ಹಬ್ಸಿಗುಡ, ರಾಮಂತಾಪುರ, ನಾಗೋಲ್ ಕಡೆ ಮನೆ ಮಾಡಿದವರು. ಇನ್ನೊಂದು ಬಗೆಯವರು ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ ಬಂದವರು. ಏಳುತ್ತಿರುವ ಕಟ್ಟಡದ ಪಕ್ಕದಲ್ಲೇ ತಗಡಿನ ಗುಡಿಸಲು ಹಾಕಿಕೊಂಡವರು. ಈ ನೆಂಟಸ್ತನ ಹಳೆಯದು. 1956ರ ನವೆಂಬರ್ 1ರವರೆಗೂ ಆ ಸೀಮೆಗೆಲ್ಲ ಹೈದರಾಬಾದೇ ರಾಜಧಾನಿಯಾಗಿತ್ತು. ರಾಜ್ಯದ ಗಡಿ ಬದಲಾಯಿತು, ಕೂಲಿಯ ದಾರಿ ಬದಲಾಗಲಿಲ್ಲ. ಈ ಎರಡು ಬಗೆಯವರೂ ಒಂದೇ ತರಕಾರಿ ಅಂಗಡಿಯಲ್ಲಿ ಎದುರಾಗುತ್ತೇವೆ. "ನೀವು ಯಾವ ಕಡೆಯವರು?" ಎಂದು ಒಮ್ಮೆ ಕೇಳುತ್ತೇವೆ. ಅಲ್ಲಿಗೆ ಮಾತು ಮುಗಿಯುತ್ತದೆ. ನನ್ನ ಇಂದಿನ ಮಾತು ಆ ಪ್ರಶ್ನೆಯ ಆಚೆ ಒಂದು ಹೆಜ್ಜೆ ಹೋಗಬೇಕೆಂಬುದು.

ಮೊದಲು ಒಂದು ಶಬ್ದದ ವಿಚಾರ. ಇಂಥ ಮಕ್ಕಳನ್ನು ನಾವು "ದಾರಿ ತಪ್ಪಿದವರು" ಎನ್ನುತ್ತೇವೆ. ಹಾಗೆಂದ ತಕ್ಷಣ ತಪ್ಪು ಅವರದೇ ಎಂದಾಯಿತು. ಕಾನೂನು ಹಾಗೆ ಹೇಳುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಕರೆದು, ಕಷ್ಟದಲ್ಲಿರುವವರನ್ನು ಎರಡು ಗುಂಪು ಮಾಡುತ್ತದೆ. ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳು ಒಂದು ಗುಂಪು, ಕಾನೂನಿನೊಡನೆ ಸಂಘರ್ಷಕ್ಕೆ ಬಿದ್ದ ಮಕ್ಕಳು ಇನ್ನೊಂದು. ಎರಡನೆಯದರಲ್ಲೂ "ಅಪರಾಧಿ" ಎಂಬ ಮಾತನ್ನು ಕಾನೂನು ಬಳಸಿಲ್ಲ ಎಂಬುದನ್ನು ಗಮನಿಸಬೇಕು. ಮನೆಯಿಲ್ಲದ ಮಗು, ಕೂಲಿಗೆ ಹಚ್ಚಿದ ಮಗು, ಭಿಕ್ಷೆ ಬೇಡುವ ಮಗು, ನೋಡಿಕೊಳ್ಳಲು ತಂದೆತಾಯಿಗೆ ಶಕ್ತಿಯಿಲ್ಲದ ಮಗು, ಬಾಲ್ಯವಿವಾಹದ ಭಯವಿರುವ ಹುಡುಗಿ, ಇವರೆಲ್ಲ ಮೊದಲ ಗುಂಪಿನವರು. ಇವರ ವಿಚಾರ ನೋಡುವುದು ಮಕ್ಕಳ ಕಲ್ಯಾಣ ಸಮಿತಿ. ಎರಡನೆಯವರ ವಿಚಾರ ನೋಡುವುದು ಬಾಲನ್ಯಾಯ ಮಂಡಳಿ. ಬಾಗಿಲು ಎರಡು. ಯಾವ ಬಾಗಿಲು ಯಾರಿಗೆ ಎಂದು ತಿಳಿದಿದ್ದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಇನ್ನು ನಮ್ಮ ಊರಿನ ಆಡಳಿತದ ವಿಚಾರ. 1992ರ ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಇದೆ. ರಸ್ತೆ, ನೀರು, ಕಸ ಮಾತ್ರವಲ್ಲ, ದುರ್ಬಲ ವರ್ಗದವರ ಹಿತ ಕಾಯುವುದು, ಕೊಳೆಗೇರಿ ಸುಧಾರಣೆ, ನಗರದ ಬಡತನ ನಿವಾರಣೆ ಇವೂ ಆ ಪಟ್ಟಿಯಲ್ಲಿವೆ. ಹೈದರಾಬಾದಿಗೆ ಇದು ಹೊಸದಲ್ಲ. 1967ರಲ್ಲೇ ಇಲ್ಲಿನ ನಗರಪಾಲಿಕೆ ನಗರ ಸಮುದಾಯ ಅಭಿವೃದ್ಧಿ ಎಂಬ ಯೋಜನೆ ಆರಂಭಿಸಿತು. ಪಾಲಿಕೆಯ ಸಮುದಾಯ ಸಂಘಟಕರು ಬಸ್ತಿಗೆ ಹೋಗಿ, "ನಿಮಗೆ ಏನು ಬೇಕು, ಅದರಲ್ಲಿ ನೀವು ಎಷ್ಟು ಮಾಡಬಲ್ಲಿರಿ?" ಎಂದು ಜನರನ್ನೇ ಕೇಳಿ ಕೆಲಸ ತೊಡಗುವ ಪದ್ಧತಿ ಅದು. ಬಾಲವಾಡಿ, ಹೊಲಿಗೆ ತರಬೇತಿ, ಯುವಕರ ಸಂಘ, ಮುಂದೆ ಬ್ಯಾಂಕ್ ಸಾಲದಿಂದ ಮನೆ ಕಟ್ಟಿಕೊಳ್ಳುವುದು, ಹೀಗೆ ಬೆಳೆಯಿತು. 1970ರ ದಶಕದಲ್ಲಿ ಯುನಿಸೆಫ್ ನೆರವೂ ಬಂತು. ಅಂದಿನ ಆ ಸಂಘಟಕರ ಬಲ ಇದ್ದದ್ದು ಹಣದಲ್ಲಿ ಅಲ್ಲ, ಅವರೇ ಜನರ ಹತ್ತಿರ ನಡೆದು ಹೋಗುತ್ತಿದ್ದುದರಲ್ಲಿ. ಈ ಅಂಶವನ್ನು ತಾವು ನೆನಪಿನಲ್ಲಿಡಿ, ಮುಂದೆ ಮತ್ತೆ ಬೇಕಾಗುತ್ತದೆ.

ಉಪ್ಪಲ್ ಆಗ ಪಾಲಿಕೆಯಲ್ಲಿ ಇರಲಿಲ್ಲ. ಉಪ್ಪಲ್ ಕಲಾನ್ ಬೇರೆಯೇ ಪುರಸಭೆಯಾಗಿತ್ತು. 2007ರಲ್ಲಿ ಸುತ್ತಲಿನ ಪುರಸಭೆಗಳನ್ನು ಕೂಡಿಸಿ ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆ ಮಾಡಿದಾಗ ಉಪ್ಪಲ್ ಅದರಲ್ಲಿ ಸೇರಿತು. 2016ರ ಅಕ್ಟೋಬರ್‌ನಲ್ಲಿ ಹೊಸ ಜಿಲ್ಲೆಗಳಾದಾಗ ರಂಗಾರೆಡ್ಡಿ ಜಿಲ್ಲೆಯಿಂದ ಮೇಡ್ಚಲ್-ಮಲ್ಕಾಜಗಿರಿ ಜಿಲ್ಲೆಗೆ ಬಂತು. ಇದನ್ನು ಯಾಕೆ ಹೇಳುತ್ತೇನೆಂದರೆ, ನೀರು ಚರಂಡಿಗೆ ಒಂದು ಕಚೇರಿ, ಮಕ್ಕಳ ರಕ್ಷಣೆಗೆ ಜಿಲ್ಲೆಯ ಇನ್ನೊಂದು ಕಚೇರಿ, ದೂರಿಗೆ ಪೊಲೀಸ್ ಠಾಣೆ. ಹೊಸದಾಗಿ ಬಂದವರಿಗೆ ತಾವು ಯಾವ ಜಿಲ್ಲೆಯಲ್ಲಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ವಿಳಾಸ ಕೇಳಿದರೆ "ಹೈದರಾಬಾದ್" ಎನ್ನುತ್ತಾರೆ. ಅವರು ಹೇಳಿದ್ದು ಸರಿಯೇ. ಆದರೆ ಹೈದರಾಬಾದ್ ಜಿಲ್ಲೆಯ ಕಚೇರಿಗೆ ಹೋದರೆ, "ನಿಮ್ಮದು ಇಲ್ಲಿ ಬರುವುದಿಲ್ಲ" ಎಂದಾಗುತ್ತದೆ. ಒಂದು ದಿನದ ಕೂಲಿ ಹೋಯಿತು. ಎರಡನೆಯ ಸಲ ಅವರು ಹೋಗುವುದಿಲ್ಲ.

ಈಗ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಇದು ಯಾರ ಕಥೆಯೂ ಅಲ್ಲ, ಬರೀ ಉದಾಹರಣೆ. ಯಾದಗಿರಿ ಕಡೆಯಿಂದ ಗುತ್ತೇದಾರನ ಜೊತೆ ಬಂದ ಗಂಡ, ಹೆಂಡತಿ, ಮೂವರು ಮಕ್ಕಳು. ದೊಡ್ಡವನಿಗೆ 15, ಊರಲ್ಲಿ ಎಂಟನೆಯ ತರಗತಿಗೆ ಶಾಲೆ ಬಿಟ್ಟಿದ್ದಾನೆ. ನಡುವಿನವಳಿಗೆ 10, ಚಿಕ್ಕದಕ್ಕೆ 3. ಚಿಕ್ಕದನ್ನು ನೋಡಿಕೊಳ್ಳಲು ನಡುವಿನವಳು ಗುಡಿಸಲಲ್ಲಿ ಉಳಿದಿದ್ದಾಳೆ. ದೊಡ್ಡವನು ಇಟ್ಟಿಗೆ ಹೊರುತ್ತಾನೆ, ಸಂಜೆ ಯಾರ ಯಾರದೋ ಸಹವಾಸ. ಅಪ್ಪ ಕುಡಿಯುತ್ತಾನೆ. ಈ ಮನೆಗೆ ಏನು ಸಿಗುತ್ತದೆ?

ಚಿಕ್ಕ ಮಗುವಿಗೆ ಅಂಗನವಾಡಿ. 1975ರಿಂದ ನಡೆದು ಬಂದ ಯೋಜನೆ ಇದು. ವಲಸೆ ಬಂದವರ ಮಗು ಎಂದು ಅಲ್ಲಿ ಬೇಡವೆನ್ನುವಂತಿಲ್ಲ. ಮಗು ಅಂಗನವಾಡಿಗೆ ಹೋದರೆ ಮಗುವಿಗೆ ಊಟ ಸಿಕ್ಕಿತು ಎಂಬುದು ಒಂದು ಲಾಭ. ಅಕ್ಕನ ಕೈ ಬಿಡುವಾಗಿ ಅವಳು ಶಾಲೆಗೆ ಹೋಗಬಹುದು ಎಂಬುದು ಅದಕ್ಕಿಂತ ದೊಡ್ಡ ಲಾಭ. ಜ್ವರ, ಕೆಮ್ಮಿಗೆ 2018ರಿಂದ ನಗರದಲ್ಲಿ ಆರಂಭವಾದ ಬಸ್ತಿ ದವಾಖಾನೆಗಳಿವೆ. ಊರಿನ ಪಡಿತರ ಚೀಟಿ ಇದ್ದರೆ, "ಒಂದು ದೇಶ ಒಂದು ಪಡಿತರ ಚೀಟಿ" ವ್ಯವಸ್ಥೆಯಲ್ಲಿ ಆಹಾರ ಭದ್ರತಾ ಕಾಯ್ದೆಯ ಪಾಲಿನ ಧಾನ್ಯವನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಪಡೆಯಬಹುದು.

ನಡುವಿನವಳ ಶಾಲೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ಬರಲು ತಡವಾಯಿತು ಎಂದು ತಿರುಗಿ ಕಳಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ಬೇಡವೆನ್ನುವಂತಿಲ್ಲ. ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ತೆಲುಗು ಬಾರದ ಮಗು ತೆಲುಗು ಶಾಲೆಯಲ್ಲಿ ಕೂತರೆ ಮೊದಲ ತಿಂಗಳು ಮೂಕಿಯಂತೆ ಕೂರುತ್ತದೆ ನಿಜ. ಆದರೆ ಲಿಪಿಗಳು ಅಕ್ಕತಂಗಿಯರು. ಕನ್ನಡ ಅಕ್ಷರ ಬಲ್ಲ ಮಗುವಿಗೆ ತೆಲುಗು ಅಕ್ಷರ ಬಹಳ ದೂರವಲ್ಲ. ಆ ಮೊದಲ ತಿಂಗಳು ಸಂಜೆ ಅರ್ಧ ಗಂಟೆ ಕೂತು ತೋರಿಸಿಕೊಡುವವರು ಯಾರಾದರೂ ಇದ್ದರೆ ಸಾಕು.

ಇದು ಆಗದ ಮಾತು, ಬಡವರು ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ ಎನ್ನುವವರಿದ್ದಾರೆ. ಅವರಿಗೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ಉಪ್ಪಲ್ ಆಗ ಸೇರಿದ್ದ ರಂಗಾರೆಡ್ಡಿ ಜಿಲ್ಲೆಯಲ್ಲಿ ಎಂ.ವಿ. ಫೌಂಡೇಶನ್ ಸಂಸ್ಥೆ 1991ರಿಂದ ಜೀತದಲ್ಲಿದ್ದ, ಕೂಲಿಯಲ್ಲಿದ್ದ ಮಕ್ಕಳನ್ನು ಬಿಡಿಸಿ ಶಾಲೆಗೆ ಸೇರಿಸುವ ಕೆಲಸ ಹಿಡಿಯಿತು. ಬಿಟ್ಟುಹೋದ ವರ್ಷಗಳ ಪಾಠವನ್ನು ತುಂಬಿಕೊಡಲು ಶಿಬಿರಗಳನ್ನು ನಡೆಸಿತು. ಅದರ ಮುಂದಾಳು ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2007ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷೆಯಾದವರೂ ಅವರೇ. ಬಡ ತಂದೆತಾಯಿಗೂ ಮಕ್ಕಳನ್ನು ಓದಿಸುವ ಆಸೆ ಇರುತ್ತದೆ, ಅಡ್ಡ ಬರುವುದು ಆಸೆಯ ಕೊರತೆಯಲ್ಲ, ಶಾಲೆಯ ಬಾಗಿಲಲ್ಲಿ ಆಗುವ ತೊಡಕು ಎಂಬುದು ಆ ಕೆಲಸ ಕಲಿಸಿದ ಪಾಠ.

ಇನ್ನು ದೊಡ್ಡವನು, 15ರ ಹುಡುಗ. ನಿಜವಾದ ಕಷ್ಟ ಇರುವುದು ಇವನ ವಯಸ್ಸಿನಲ್ಲೇ. ಶಿಕ್ಷಣದ ಹಕ್ಕು 14ಕ್ಕೆ ಮುಗಿಯುತ್ತದೆ. ಕಾನೂನಿನ ಕಣ್ಣಿನಲ್ಲಿ ದೊಡ್ಡವನಾಗುವುದು 18ಕ್ಕೆ. ನಡುವಿನ ನಾಲ್ಕು ವರ್ಷ ಅವನು ಯಾರ ಲೆಕ್ಕದಲ್ಲೂ ಗಟ್ಟಿಯಾಗಿ ಕೂರುವುದಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14ರೊಳಗಿನವರನ್ನು ದುಡಿಮೆಗೆ ಹಚ್ಚುವಂತಿಲ್ಲ. ಮನೆಯವರ ಕೆಲಸಕ್ಕೆ ಶಾಲೆಯ ಹೊತ್ತಿನ ನಂತರ ಕೈಜೋಡಿಸುವಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಬೇಡ ಎನ್ನುವುದು ಸುಲಭ, ಬದಲಿಗೆ ಏನು ಎಂದು ಹೇಳಬೇಕಲ್ಲ? ತೆಲಂಗಾಣ ಓಪನ್ ಸ್ಕೂಲ್ ಸೊಸೈಟಿಯ ಮೂಲಕ ಹತ್ತನೆಯ ತರಗತಿಯನ್ನೂ ಇಂಟರ್ಮೀಡಿಯಟ್ಟನ್ನೂ ಮುಗಿಸಬಹುದು. ಕೈಕಸುಬಿಗೆ ಐಟಿಐಗಳಿವೆ. ಹಳೆಯ ಹೈದರಾಬಾದಿಗರಿಗೆ ಮಿನಿ ಬಸ್ಸುಗಳಿಂದ ಪರಿಚಯವಾದ ಸೆಟ್ವಿನ್ ಸಂಸ್ಥೆ 1978ರಲ್ಲಿ ಹುಟ್ಟಿದ್ದೇ ಅವಳಿ ನಗರದ ಯುವಕರಿಗೆ ತರಬೇತಿ, ಉದ್ಯೋಗ ಒದಗಿಸಲು. ಇವಕ್ಕೆಲ್ಲ ಅರ್ಜಿ ಬೇಕು, ಫೋಟೋ ಬೇಕು, ಕೊನೆಯ ದಿನಾಂಕ ತಿಳಿದಿರಬೇಕು. ಇಟ್ಟಿಗೆ ಹೊರುವ ಹುಡುಗನಿಗೆ ಆ ದಿನಾಂಕ ಯಾರು ಹೇಳುತ್ತಾರೆ?

ತಾಯಿಯ ವಿಚಾರಕ್ಕೆ ಬರೋಣ. ಮನೆಯಲ್ಲಿ ಹೊಡೆತ ಬಡಿತವಿದ್ದರೆ 181 ಮಹಿಳಾ ಸಹಾಯವಾಣಿ ಇದೆ. ಸಖಿ ಕೇಂದ್ರಗಳಲ್ಲಿ ವೈದ್ಯರ ನೆರವು, ಕಾನೂನು ನೆರವು, ಆಪ್ತ ಸಮಾಲೋಚನೆ, ಕೆಲವು ದಿನಗಳ ಆಶ್ರಯ ಒಂದೇ ಕಡೆ ಸಿಗುವ ವ್ಯವಸ್ಥೆ. ಕುಡಿತ ಬಿಡಿಸಲು 14446 ಎಂಬ ರಾಷ್ಟ್ರೀಯ ಸಹಾಯವಾಣಿ. ಒಂದು ವೇಳೆ ತಂದೆ ತೀರಿಕೊಂಡು ಅಥವಾ ಬಿಟ್ಟುಹೋಗಿ ತಾಯಿಯೊಬ್ಬಳೇ ಮಕ್ಕಳನ್ನು ಸಾಕುತ್ತಿದ್ದರೆ, ಇಲ್ಲವೆ ತಂದೆತಾಯಿ ಪ್ರಾಣಕ್ಕೆ ಕುತ್ತಾದ ಕಾಯಿಲೆಯಲ್ಲಿದ್ದರೆ, ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ನೆರವು ಇದೆ. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ನಗರದಲ್ಲಿ ಕುಟುಂಬದ ವರಮಾನ ವರ್ಷಕ್ಕೆ 96,000 ರೂಪಾಯಿ, ಹಳ್ಳಿಯಲ್ಲಿ 72,000 ರೂಪಾಯಿ ಮೀರಿರಬಾರದು ಎಂಬುದು 2022ರ ಮಾರ್ಗಸೂಚಿಯ ಮಿತಿ. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಈ ಹಣದ ಉದ್ದೇಶ ಒಂದೇ, ಬಡತನದ ಕಾರಣಕ್ಕೆ ಮಗು ಮನೆಯಿಂದ ದೂರವಾಗಬಾರದು.

ಇಷ್ಟೆಲ್ಲ ಇದ್ದೂ ಜನ ಯಾಕೆ ಹೋಗುವುದಿಲ್ಲ? ಮೂರು ಭಯಗಳು.

ಮೊದಲನೆಯ ಭಯ, "ಹೇಳಿದ್ರ ಕೂಸಿನ್ನ ಒಯ್ದುಬಿಡ್ತಾರ್ರಿ ಅಕ್ಕಾ" ಎಂಬುದು. ಕಲಬುರಗಿ ಕಡೆಯ ತಾಯಂದಿರು ಹೀಗೆಯೇ ಹೇಳುವುದು. ಈ ಭಯಕ್ಕೆ ಕಾಯ್ದೆಯ ಮೂರನೆಯ ಕಲಮಿನಲ್ಲೇ ಉತ್ತರವಿದೆ. ಮಗುವನ್ನು ಸಾಕುವ ಮೊದಲ ಹೊಣೆ ಹೆತ್ತವರದು, ಬಾಲಮಂದಿರದಂಥ ಸಂಸ್ಥೆಗೆ ಕಳಿಸುವುದು ಕಟ್ಟಕಡೆಯ ಉಪಾಯ, ಮಗು ಆದಷ್ಟು ಬೇಗ ತನ್ನ ಮನೆಗೆ ಮರಳಬೇಕು ಎಂದು ಅದು ಸಾರುತ್ತದೆ. ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಆ ಸಮಿತಿಗೆ ನ್ಯಾಯಪೀಠದ ಅಧಿಕಾರವಿದೆ. ಸಿಕ್ಕ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. ಸಮಾಜ ಕಾರ್ಯಕರ್ತರು 15 ದಿನದಲ್ಲಿ ಮನೆಯ ಸ್ಥಿತಿಗತಿ ವಿಚಾರಿಸಿ ವರದಿ ಕೊಡಬೇಕು. ಬೇರೆ ಊರಿನ ಮಗುವಾದರೆ ಅದರ ಸ್ವಂತ ಜಿಲ್ಲೆಯ ಸಮಿತಿಗೆ ಕಳಿಸಿಕೊಡುವ ದಾರಿಯೂ ಇದೆ. ಮನೆ ಬಿಟ್ಟು ರೈಲು ಹತ್ತಿ ಕಾಚಿಗುಡದಲ್ಲೋ ಸಿಕಂದರಾಬಾದಿನಲ್ಲೋ ಇಳಿದ ರಾಯಚೂರಿನ ಹುಡುಗ ರಾಯಚೂರಿಗೆ ಮರಳುವುದು ಈ ದಾರಿಯಿಂದಲೇ.

ಎರಡನೆಯ ಭಯ ಪೊಲೀಸರದು. "ಒಂದು ಸಲ ಠಾಣೆಯಲ್ಲಿ ಹೆಸರು ಬಿದ್ದರೆ ಜೀವನ ಹಾಳು." 18ರೊಳಗಿನ ಹುಡುಗನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಒಬ್ಬರು ಇರಬೇಕು. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಜಾಮೀನು ಕೊಡುವುದೇ ಸಾಮಾನ್ಯ ನಿಯಮ, ಬೇಡವೆನ್ನಲು ಮಂಡಳಿ ಕಾರಣ ಬರೆಯಬೇಕು. ಬುದ್ಧಿ ಹೇಳಿ ಮನೆಗೆ ಕಳಿಸುವುದರಿಂದ ಹಿಡಿದು ಸಮಾಲೋಚನೆ, ಸಮುದಾಯ ಸೇವೆ, ಹೆಚ್ಚೆಂದರೆ 3 ವರ್ಷ ವಿಶೇಷ ಗೃಹದವರೆಗೆ ಮಂಡಳಿ ಆದೇಶ ಮಾಡಬಹುದು. ಘೋರ ಅಪರಾಧದಲ್ಲಿ 16 ದಾಟಿದವರನ್ನು ದೊಡ್ಡವರಂತೆ ವಿಚಾರಿಸಲು ಅವಕಾಶವಿದೆ, ಅದನ್ನು ಮುಚ್ಚಿಡಬಾರದು. ಉಳಿದವರಿಗೆ ಆ ಪ್ರಕರಣದಿಂದ ಮುಂದೆ ಓದಿಗಾಗಲಿ ನೌಕರಿಗಾಗಲಿ ಅನರ್ಹತೆ ಅಂಟಬಾರದು ಎಂದು ಕಾಯ್ದೆಯ 24ನೆಯ ಕಲಮು ಹೇಳುತ್ತದೆ. ಹಾಗಾಗಿ ಮುಚ್ಚಿಟ್ಟು ಯಾರ ಯಾರಿಗೋ ಹಣ ಕೊಟ್ಟು ಬಗೆಹರಿಸುವ ಬದಲು, ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರನ್ನು ಕೇಳುವುದೇ ಹುಡುಗನಿಗೆ ಒಳ್ಳೆಯದು.

ಮೂರನೆಯ ಭಯ ಭಾಷೆಯದು. ಕನ್ನಡ ವಿಭಾಗದವಳಾಗಿ ನನಗೆ ಬಹಳ ಮುಖ್ಯವೆನಿಸುವುದು ಇದು. ಬೀದರ, ಕಲಬುರಗಿಯವರಿಗೆ ದಖನಿ ಉರ್ದು ಸಂತೆ ವ್ಯಾಪಾರಕ್ಕೆ ಸಾಕಾಗುತ್ತದೆ. ಮಗಳಿಗೆ ಏನಾಯಿತು ಎಂದು ಅಧಿಕಾರಿಯ ಮುಂದೆ ಹೇಳಲು ಸಾಕಾಗುವುದಿಲ್ಲ. ದುಃಖ ತಾಯ್ನುಡಿಯಲ್ಲೇ ಬರುತ್ತದೆ. ಇದನ್ನು ಕಾನೂನು ಬರೆದವರೂ ಬಲ್ಲರು. ಬಾಲನ್ಯಾಯ ಮಂಡಳಿಯಲ್ಲಿ ನಡೆಯುವ ಮಾತು ಮಗುವಿಗೆ ತಿಳಿಯದಿದ್ದರೆ ದುಭಾಷಿಯನ್ನು ಒದಗಿಸುವುದು ಮಂಡಳಿಯದೇ ಕರ್ತವ್ಯ ಎಂದು ಕಾಯ್ದೆಯ ಎಂಟನೆಯ ಕಲಮಿನಲ್ಲಿದೆ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಲ್ಲೂ, ದೂರು ದಾಖಲಿಸುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಅನುವಾದಕರನ್ನು ಕೊಡಬೇಕು ಎಂದಿದೆ. ಅಂದರೆ ಉಪ್ಪಲಿನ ಠಾಣೆಯಲ್ಲಿ ಕುಳಿತ ಕನ್ನಡದ ಮಗು ಕನ್ನಡದಲ್ಲಿ ಮಾತಾಡಿದರೆ ಅದು ಯಾರೂ ಮಾಡುವ ಉಪಕಾರವಲ್ಲ, ಅದರ ಹಕ್ಕು. ಆದರೆ ಹಕ್ಕನ್ನು ಕೇಳಬೇಕಾದ ಮಗುವಿಗೆ ಕೇಳುವ ಭಾಷೆಯೇ ಇಲ್ಲ. ಅದರ ಪರವಾಗಿ ಕೇಳುವವರು ಯಾರು? ಬಂಧುಗಳೇ, ಅದು ನಾವು.

ಓದಿದವರ ಮನೆಗಳ ಮಾತನ್ನೂ ಆಡಬೇಕು. ಕಷ್ಟ ಗುಡಿಸಲಿನದು ಮಾತ್ರ ಎಂದು ತಿಳಿಯಬೇಡಿ. 2019ರಲ್ಲಿ ತೆಲಂಗಾಣದ ಇಂಟರ್ಮೀಡಿಯಟ್ ಫಲಿತಾಂಶದ ಗೊಂದಲದ ನಂತರ ಎಷ್ಟೋ ಮಕ್ಕಳು ಜೀವ ಕಳೆದುಕೊಂಡದ್ದು ತಮಗೆ ನೆನಪಿರಬಹುದು. ನೌಕರಿ ಕಾರಣಕ್ಕೆ ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಅಜ್ಜಿ ಇಲ್ಲ, ಚಿಕ್ಕಪ್ಪ ಇಲ್ಲ, ಮಗು ಮನಸ್ಸು ಬಿಚ್ಚಲು ಅಪ್ಪ ಅಮ್ಮ ಬಿಟ್ಟರೆ ಗತಿಯಿಲ್ಲ. ಅವರೇ ಅಂಕ ಕೇಳುವವರು. ಇಂಥ ಹೊತ್ತಿಗೆ ಟೆಲಿ ಮಾನಸ್ ಎಂಬ ಸೇವೆ ಇದೆ, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಹಗಲು ರಾತ್ರಿ, ಹಣವಿಲ್ಲದೆ ಮಾತಾಡಬಹುದು. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. 20 ಭಾಷೆಗಳಲ್ಲಿ ಸೇವೆಯುಂಟು, ಅದರಲ್ಲಿ ಕನ್ನಡವೂ ಒಂದು. "ನಮ್ಮ ಹುಡುಗನಿಗೆ ಅಂಥದ್ದೇನಿಲ್ಲ" ಎನ್ನುವ ಮನೆಯವರು ಈ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟುಕೊಂಡರೆ ಖರ್ಚೇನೂ ಆಗುವುದಿಲ್ಲ.

ವ್ಯವಸ್ಥೆ ಪರಿಪೂರ್ಣವಾಗಿದೆ ಎಂದು ನಾನು ಹೇಳುತ್ತಿಲ್ಲ. ಅಂಗನವಾಡಿ ಒಂದು ಇಲಾಖೆ, ಶಾಲೆ ಇನ್ನೊಂದು, ತರಬೇತಿ ಮತ್ತೊಂದು. ಒಂದೇ ಮನೆಯ ಮೂವರು ಮಕ್ಕಳಿಗೆ ಮೂರು ಕಚೇರಿ. ವಾರ್ಡು ಮಟ್ಟದಲ್ಲೂ ಮಕ್ಕಳ ರಕ್ಷಣಾ ಸಮಿತಿ ಇರಬೇಕು, ವಾರ್ಡಿನ ಜನಪ್ರತಿನಿಧಿ ಅದನ್ನು ನಡೆಸಬೇಕು ಎಂದು ಯೋಜನೆಯಲ್ಲಿ ಬರೆದಿದೆ. ತಮ್ಮ ವಾರ್ಡಿನಲ್ಲಿ ಅದು ಇದೆಯೇ, ಕೊನೆಯ ಸಭೆ ಯಾವಾಗ ನಡೆಯಿತು ಎಂದು ಒಂದು ಕಾಗದ ಬರೆದು ಕೇಳಿ. ರಸ್ತೆಯ ಗುಂಡಿಗೆ ನಾವು ಎಷ್ಟು ಸಲ ಅರ್ಜಿ ಕೊಡುತ್ತೇವೆ! ಇದಕ್ಕೂ ಒಂದು ಕೊಡೋಣ. ಕೇಳುವವರಿಲ್ಲದ ಸಮಿತಿ ಕಾಗದದ ಮೇಲೇ ಉಳಿಯುತ್ತದೆ.

1098 ಸಂಖ್ಯೆ ತಮಗೆ ಗೊತ್ತಿರಬಹುದು. 1996ರಲ್ಲಿ ಮುಂಬಯಿಯಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಜೆರೂ ಬಿಲಿಮೋರಿಯಾ ಅವರ ಪ್ರಯತ್ನದಿಂದ ಮಕ್ಕಳ ಸಹಾಯವಾಣಿಯಾಗಿ ಆರಂಭವಾಯಿತು. ಬಹುಕಾಲ ಸ್ವಯಂಸೇವಾ ಸಂಸ್ಥೆಗಳು ನಡೆಸಿದವು. 2023ರಿಂದ ಅದು ಸರ್ಕಾರದ ಕೈಗೆ ಬಂದು, ತುರ್ತು ಸೇವೆಯ 112ರೊಡನೆ ಜೋಡಣೆಯಾಯಿತು. ಸಂಖ್ಯೆ ಮಾತ್ರ ಹಳೆಯದೇ, 1098. ಕರೆ ಮಾಡಿದವರಿಗೆ ಖರ್ಚಿಲ್ಲ.

ಹಾಗಾದರೆ ನಮ್ಮಿಂದ ಏನಾಗಬೇಕು? ದೊಡ್ಡ ಸಂಘ ಕಟ್ಟಬೇಕಿಲ್ಲ, ಚಂದಾ ಎತ್ತಬೇಕಿಲ್ಲ.

ಮೊದಲನೆಯದು, ಜೊತೆಗೆ ಹೋಗುವುದು. ತೆಲುಗು ಓದಲು ಬರೆಯಲು ಬಲ್ಲ ಕನ್ನಡದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಿವೃತ್ತರಾಗಿ ಬೆಳಿಗ್ಗೆ ಪೇಪರು ಓದಿ ಮುಗಿಸಿ ಕೂತವರಿದ್ದಾರೆ. ಒಂದು ಕುಟುಂಬದ ಜೊತೆ ಒಮ್ಮೆ ಶಾಲೆಗೆ, ಒಮ್ಮೆ ಅಂಗನವಾಡಿಗೆ ಹೋಗಿ ಬನ್ನಿ. ಅರ್ಜಿ ತುಂಬಿಕೊಡಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಕೇಳಿ ಪಡೆಯಿರಿ. ಓದಿದವರೊಬ್ಬರು ಪಕ್ಕದಲ್ಲಿ ನಿಂತರೆ ಕಚೇರಿಯ ದನಿ ಬದಲಾಗುವುದು ತಮಗೆಲ್ಲ ಗೊತ್ತಿರುವ ಮಾತೇ. 1967ರ ಆ ಸಮುದಾಯ ಸಂಘಟಕರು ಮಾಡಿದ್ದೂ ಇದೇ, ಜನರ ಹತ್ತಿರ ನಡೆದು ಹೋದದ್ದು.

ಎರಡನೆಯದು, ಬೇಗ ಹೋಗುವುದು. ಹುಡುಗ ಶಾಲೆ ತಪ್ಪಿಸಿದ ಮೊದಲ ವಾರ ಮೇಷ್ಟ್ರ ಹತ್ತಿರ ಮಾತಾಡಿದರೆ ಮುಗಿಯುವ ವಿಷಯ, ವರ್ಷ ಕಳೆದರೆ ಠಾಣೆಗೆ ಹೋಗುತ್ತದೆ. ಸಣ್ಣದಿದ್ದಾಗ ಉಗುರಲ್ಲಿ ಚಿವುಟಬಹುದಾದದ್ದಕ್ಕೆ ಆಮೇಲೆ ಕೊಡಲಿ ಬೇಕಾಗುತ್ತದೆ ಎಂದು ನಮ್ಮ ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಮೂರನೆಯದು, ತಾವೇ ಪೊಲೀಸರಾಗಬೇಡಿ. ಒಂಟಿ ಮಗು ಕಂಡರೆ ಮನೆಗೆ ಕರೆದೊಯ್ದು ಇಟ್ಟುಕೊಳ್ಳುವುದು ಒಳ್ಳೆಯ ಮನಸ್ಸಿನ ಕೆಲಸವಾದರೂ ಕಾನೂನಿನ ದಾರಿಯಲ್ಲ. 1098ಕ್ಕೆ ತಿಳಿಸಿ. ಮಗುವಿನ ಫೋಟೋ ತೆಗೆದು ಮೊಬೈಲಿನಲ್ಲಿ ಊರಿಗೆಲ್ಲ ಹಂಚಬೇಡಿ. ಇಂಥ ಮಕ್ಕಳ ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನಡಿ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡವಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದ ವಿಷಯ ತಿಳಿದರೆ ಮಾತ್ರ, ಪೊಲೀಸರಿಗೆ ತಿಳಿಸದೆ ಸುಮ್ಮನಿರುವಂತಿಲ್ಲ. ಅದು ಕಾನೂನು ಪ್ರತಿಯೊಬ್ಬರ ಮೇಲೂ ಹೊರಿಸಿದ ಹೊಣೆ.

ಕೊನೆಯದಾಗಿ, ಮಾತು. "ಆ ಹುಡುಗ ಕೆಟ್ಟುಹೋದ" ಎಂದು ನಾವು ಆಡಿದ ಮಾತು ಅವನ ಮನೆಗೆ ನಮಗಿಂತ ಮೊದಲೇ ತಲುಪುತ್ತದೆ. ಆಮೇಲೆ ನಾವು ನೆರವಿಗೆ ಹೋದರೂ ಬಾಗಿಲು ತೆರೆಯುವುದಿಲ್ಲ. ತರಕಾರಿ ಅಂಗಡಿಯಲ್ಲಿ "ಯಾವ ಕಡೆಯವರು?" ಎಂದು ಕೇಳಿದಾಗ ಇನ್ನೊಂದು ಪ್ರಶ್ನೆ ಕೂಡಿಸಿ, "ಮಕ್ಕಳು ಸಾಲಿಗೆ ಹೋಗ್ತಾರೇನಮ್ಮ?" ಇಷ್ಟು ಕೇಳಿದರೆ ಸಾಕು, ಉಳಿದದ್ದು ಅವರೇ ಹೇಳುತ್ತಾರೆ.

ಈಗ ರೇಡಿಯೋದವರ ಅಭ್ಯಾಸದಂತೆ ಸಂಖ್ಯೆಗಳನ್ನು ಮತ್ತೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ. ಮಕ್ಕಳಿಗೆ 1098. ಮಹಿಳೆಯರಿಗೆ 181. ಮನಸ್ಸಿನ ನೋವಿಗೆ 14416. ಕುಡಿತ, ಮಾದಕ ವಸ್ತುಗಳ ಚಟಕ್ಕೆ 14446. ಯಾವುದೇ ತುರ್ತಿಗೆ 112.

ತಮ್ಮ ಬಸ್ತಿಯಲ್ಲಿ, ತಮ್ಮ ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಜಾಗದಲ್ಲಿ ಕನ್ನಡದ ಮಗುವೊಂದು ಶಾಲೆಯ ಹೊತ್ತಿನಲ್ಲಿ ಕಂಡರೆ ನಮ್ಮ ವಿಭಾಗಕ್ಕೂ ಒಂದು ಕಾಗದ ಬರೆಯಿರಿ. ಹೆಸರು ಬೇಡ, ಜಾಗ ಸಾಕು. ಯಾವ ಕಚೇರಿಗೆ ಹೋಗಬೇಕೆಂದು ತಿಳಿದು ಹೇಳುವ ಕೆಲಸ ನಮ್ಮದು, ಜೊತೆಗೆ ಹೋಗುವ ಕೆಲಸ ತಮ್ಮದು.